ಇಂಬರ್ ಹಳ್ಳಿಯವರು ಯಾಕೆ ವಾಪಸ್ ಹೋಗಲಿಲ್ಲ?

ಪ್ರಶ್ನೆ: ಆಗಸ್ಟ್‌ನಲ್ಲಿ ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ದಿನ ಅವಳು ವಾರ್ಮಿನ್‌ಸ್ಟರ್ ಪೇಟೆಯಿಂದ ಹಳೇ ಕೆಂಪು ಡಬಲ್ ಡೆಕ್ಕರ್ ಬಸ್ಸಿನಲ್ಲಿ ಇಂಬರ್ ಅನ್ನೋ ಹಳ್ಳಿಗೆ ಕರೆದುಕೊಂಡು ಹೋದಳು. ಅಲ್ಲಿ ಒಂದು ಚರ್ಚ್ ಬಿಟ್ಟರೆ ಬರೀ ಖಾಲಿ ಮನೆಗಳು. ದಾರಿಯುದ್ದಕ್ಕೂ ಸಿಡಿಯದ ಗುಂಡುಗಳಿವೆ, ರಸ್ತೆ ಬಿಟ್ಟು ಹೋಗಬೇಡಿ ಅಂತ ಬೋರ್ಡು. ಎರಡನೇ ಮಹಾಯುದ್ಧದಲ್ಲಿ ಊರವರನ್ನು ಎಬ್ಬಿಸಿದರು, ವಾಪಸ್ ಬಿಡುತ್ತೇವೆ ಅಂದು ಆಮೇಲೆ ಕೈಕೊಟ್ಟರು ಅಂತ ಬಸ್ಸಿನಲ್ಲಿ ಯಾರೋ ಹೇಳಿದರು. ಇದು ನಿಜವೇ? ಜರ್ಮನ್ನರ ಬಾಂಬಿನಿಂದ ಹಾಳಾದ ಊರಾ ಅದು? ಯುದ್ಧ ಮುಗಿದು ಇಷ್ಟು ವರ್ಷವಾದರೂ ಯಾಕೆ ಬಿಟ್ಟುಕೊಟ್ಟಿಲ್ಲ? ಚರ್ಚ್ ಮಾತ್ರ ಹೇಗೆ ಉಳಿಯಿತು?

ಉತ್ತರ: ಸುಲಭವಾದುದರಿಂದ ಶುರು ಮಾಡುತ್ತೇನೆ. ಇಂಬರ್ ಜರ್ಮನ್ನರ ಬಾಂಬಿಗೆ ಹಾಳಾದ ಊರಲ್ಲ. ಅಲ್ಲಿ ನೀವು ನೋಡಿರಬಹುದಾದ, ಬಾಗಿಲು ಕಿಟಕಿ ಇಲ್ಲದ ಬ್ಲಾಕ್ ಗೋಡೆಯ ಮನೆಗಳಲ್ಲಿ ಯಾರೂ ಯಾವತ್ತೂ ಸಂಸಾರ ಮಾಡಿಲ್ಲ. ಅವನ್ನು ಬ್ರಿಟಿಷ್ ಸೈನ್ಯವೇ 1970ರ ದಶಕದಲ್ಲಿ ಕಟ್ಟಿಸಿತು. ಉತ್ತರ ಐರ್ಲೆಂಡಿಗೆ ಹೋಗಬೇಕಿದ್ದ ಸೈನಿಕರಿಗೆ ಬೀದಿ ಬೀದಿಯಲ್ಲಿ ಕಾದಾಡುವ ತರಬೇತಿ ಕೊಡಲು ಅಂಥ ಮನೆಗಳು ಬೇಕಾಗಿದ್ದವು. ಊರಿನ ನಿಜವಾದ ಹಳೇ ಮನೆಗಳಲ್ಲಿ ಹೆಚ್ಚಿನವು ಈಗ ಇಲ್ಲವೇ ಇಲ್ಲ. ಸೇಂಟ್ ಜೈಲ್ಸ್ ಚರ್ಚ್, ಇಂಬರ್ ಕೋರ್ಟ್ ಎಂಬ ದೊಡ್ಡ ಮನೆ, ಬೆಲ್ ಇನ್ ಎಂಬ ಪಬ್ಬು, ಒಂದು ತೋಟದ ಮನೆ, 1938ರಲ್ಲಿ ಕಟ್ಟಿದ ಕೆಲವು ಸರ್ಕಾರಿ ಮನೆಗಳು, ಹಳೆಯದು ಅಂತ ಉಳಿದಿರುವುದು ಹೆಚ್ಚುಕಮ್ಮಿ ಇಷ್ಟೇ.

ಬಸ್ಸಿನಲ್ಲಿ ಕೇಳಿದ ಕಥೆಯಲ್ಲಿ ಸುಳ್ಳಿಲ್ಲ. ಆದರೆ ಅದು ಕಥೆಯ ಕೊನೆಯ ಭಾಗ. ಇಂಥ ಊರುಗಳ ವಿಷಯ ಬಂದಾಗ ನಾನು ಮೊದಲು ಹುಡುಕುವುದು ಜಮೀನು ಯಾರ ಹೆಸರಿನಲ್ಲಿತ್ತು ಅಂತ. ಇಂಬರ್‌ನಲ್ಲಿ ಆ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮ್ಮ ಉಳಿದ ಪ್ರಶ್ನೆಗಳಿಗೂ ಅರ್ಧಕ್ಕರ್ಧ ಉತ್ತರ ಸಿಗುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಆ ಊರು ಜನರ ಕೈತಪ್ಪಿದ್ದು 1943ರ ಚಳಿಗಾಲದಲ್ಲಿ ಅಲ್ಲ. ಅದಕ್ಕೂ ಹತ್ತು ಹದಿನೈದು ವರ್ಷ ಮೊದಲು.

ಇಂಬರ್ ಇರುವುದು ವಿಲ್ಟ್‌ಶೈರ್ ಜಿಲ್ಲೆಯ ಸಾಲ್ಸ್‌ಬರಿ ಪ್ಲೇನ್ ಎಂಬ ಸುಣ್ಣಕಲ್ಲಿನ ಬಯಲಿನಲ್ಲಿ. ಹಳ್ಳಿಯ ಹೆಸರು ದಾಖಲೆಯಲ್ಲಿ ಮೊದಲು ಸಿಗುವುದು 967ರಲ್ಲಿ. 1086ರಲ್ಲಿ ವಿಲಿಯಂ ರಾಜ ಇಡೀ ದೇಶದ ಜಮೀನಿನ ಲೆಕ್ಕ ಬರೆಸಿದನಲ್ಲ, ಆ ಡೂಮ್ಸ್‌ಡೇ ಪುಸ್ತಕದಲ್ಲೂ ಇದೆ. ಸುತ್ತ ಗುಡ್ಡ, ನಡುವೆ ಒಂದೇ ಉದ್ದನೆಯ ಬೀದಿ, ಬೀದಿಯ ಪಕ್ಕದಲ್ಲೇ ಒಂದು ತೊರೆ. ಕುರಿ ಸಾಕಣೆ, ಧಾನ್ಯದ ಬೇಸಾಯ, ಇವೇ ಜೀವನ. ಇಂಬರ್ ಯಾವ ಪೇಟೆಗೂ ಏಳು ಮೈಲಿ ದೂರ ಅಂತ ಆ ಸೀಮೆಯಲ್ಲಿ ಒಂದು ಪದ್ಯವೇ ಇತ್ತು. ಅಷ್ಟು ಒಂಟಿ ಊರು.

ಆ ಒಂಟಿತನ ಎಷ್ಟಿತ್ತು ಅನ್ನುವುದಕ್ಕೆ ಒಂದು ಘಟನೆ ಹೇಳಲೇಬೇಕು. 1839ರ ಅಕ್ಟೋಬರ್ 21ರ ಸಂಜೆ ಡೀನ್ ಎಂಬ ಇಂಬರ್‌ನ ರೈತರು ಡಿವೈಜಸ್ ಸಂತೆಯಿಂದ ಊರಿಗೆ ಬರುತ್ತಿದ್ದರು. ಗೋರ್ ಕ್ರಾಸ್ ಹತ್ತಿರ ನಾಲ್ವರು ದರೋಡೆಕೋರರು ಅಡ್ಡಗಟ್ಟಿ ದುಡ್ಡು ಕಿತ್ತುಕೊಂಡರು. ಡೀನ್ ಸುಮ್ನೆ ಕೂರಲಿಲ್ಲ. ಜನ ಸೇರಿಸಿಕೊಂಡು ಮೂರು ಗಂಟೆ ಬಯಲಿನಲ್ಲಿ ಅಟ್ಟಿಸಿಕೊಂಡು ಹೋದರು. ಓಡಿ ಓಡಿ ಒಬ್ಬ ಕಳ್ಳ ಅಲ್ಲೇ ಬಿದ್ದು ಸತ್ತ. ಉಳಿದ ಮೂವರು ಸಿಕ್ಕಿಬಿದ್ದರು. ಅವರಿಗೆ 15 ವರ್ಷ ದೇಶದಿಂದ ಹೊರಗೆ ಸಾಗಿಸುವ ಶಿಕ್ಷೆಯಾಯಿತು. ಇದನ್ನೆಲ್ಲ ಕೆತ್ತಿದ ಕಲ್ಲು ಇವತ್ತಿಗೂ ಅಲ್ಲಿದೆ. ಯುದ್ಧದ ಕಥೆ ಎಷ್ಟು ದೊಡ್ಡದಾಗಿ ಬೆಳೆದಿದೆ ಅಂದರೆ, ಅದಕ್ಕೆ ಮುಂಚೆ ಇಂಬರ್‌ಗೆ ಒಂದು ಸಾವಿರ ವರ್ಷದ ಬಾಳುವೆ ಇತ್ತು ಅನ್ನುವುದೇ ಮರೆತುಹೋಗುತ್ತದೆ. ಅದಕ್ಕೇ ಈ ಕಳ್ಳರ ಕಥೆ ಹೇಳಿದೆ.

1851ರ ಜನಗಣತಿಯಲ್ಲಿ ಇಂಬರ್‌ನಲ್ಲಿ 440 ಜನ ಇದ್ದರು. ಅಲ್ಲಿಂದ ಇಳಿಮುಖ. 1931ರ ಹೊತ್ತಿಗೆ ಉಳಿದಿದ್ದು 152 ಜನ. ಇದಕ್ಕೆ ಯುದ್ಧ ಕಾರಣವಲ್ಲ. ಇಂಗ್ಲೆಂಡಿನ ಬೇಸಾಯಕ್ಕೆ ಆಗ ಕೆಟ್ಟ ಕಾಲ. ಹೊರದೇಶದ ಅಗ್ಗದ ಧಾನ್ಯ ಬಂದು ರೈತರ ಕೈ ಕಟ್ಟಿತ್ತು. ಹುಡುಗರು ಕೆಲಸ ಹುಡುಕಿಕೊಂಡು ಪೇಟೆಗೆ ಹೋಗುತ್ತಿದ್ದರು.

ಇದೇ ಕಾಲದಲ್ಲಿ ಸೈನ್ಯ ಆ ಬಯಲಿಗೆ ಬಂತು. 1897ರಿಂದಲೇ ಬ್ರಿಟನ್ನಿನ ಯುದ್ಧ ಇಲಾಖೆ ಸಾಲ್ಸ್‌ಬರಿ ಪ್ಲೇನ್‌ನಲ್ಲಿ ಜಮೀನು ಕೊಳ್ಳುತ್ತಾ ಹೋಯಿತು. ಮರಗಿಡ ಕಡಿಮೆ, ಜನ ಕಡಿಮೆ, ಫಿರಂಗಿ ಹಾರಿಸಲು ಬೇಕಾದಷ್ಟು ಜಾಗ. 1920ರ ದಶಕದ ಕೊನೆಗೆ ಇಂಬರ್‌ನ ಸುತ್ತಲಿನ ತೋಟಗಳೂ ಮಾರಾಟವಾಗತೊಡಗಿದವು. 1930ರ ದಶಕದ ಮೊದಲ ವರ್ಷಗಳಲ್ಲಿ ಹಳ್ಳಿಯ ಬಹುತೇಕ ಎಲ್ಲವೂ ಇಲಾಖೆಯದಾಯಿತು. ಚರ್ಚ್, ಬ್ಯಾಪ್ಟಿಸ್ಟ್ ಪ್ರಾರ್ಥನಾ ಮಂದಿರ, ಪಬ್ಬು, ಇಂಥ ನಾಲ್ಕಾರು ಮಾತ್ರ ಹೊರಗುಳಿದವು.

ಯಾರೂ ಬಂದೂಕು ತೋರಿಸಿ ಬರೆಸಿಕೊಳ್ಳಲಿಲ್ಲ. ಇಲಾಖೆ ಒಳ್ಳೇ ಬೆಲೆ ಕೊಟ್ಟಿತು. ಆಮೇಲೆ ಅದೇ ಜಮೀನನ್ನು ಅದೇ ರೈತರಿಗೆ ಕಡಿಮೆ ಗೇಣಿಗೆ ಬಿಟ್ಟಿತು. ಸಾಲದಲ್ಲಿ ಮುಳುಗಿದ ರೈತನಿಗೆ ಇದು ಬದುಕಿಕೊಳ್ಳುವ ದಾರಿ. ಅವನ ಜಾಗದಲ್ಲಿ ನಾವಿದ್ದರೂ ಹಾಗೇ ಮಾಡುತ್ತಿದ್ದೆವು ಅಲ್ವಾ? ಆದರೆ ಆ ಗೇಣಿ ಪತ್ರದಲ್ಲಿ ಒಂದು ಷರತ್ತು ಇತ್ತು. ಬೇಕಾದಾಗ ಇಲಾಖೆ ಜಾಗವನ್ನು ತನ್ನ ಕೈಗೆ ತೆಗೆದುಕೊಳ್ಳಬಹುದು, ಇದ್ದವರನ್ನು ಎಬ್ಬಿಸಬಹುದು. ಸಹಿ ಹಾಕಿದ ದಿನ ಅದು ಯಾರಿಗೂ ದೊಡ್ಡದಾಗಿ ಕಂಡಿರಲಾರದು. ಮನೆ ಅದೇ, ಹೊಲ ಅದೇ, ಬೆಳಗ್ಗೆ ಎದ್ದರೆ ಕಾಣುವ ಗುಡ್ಡ ಅದೇ. ಬದಲಾಗಿದ್ದು ಕಾಗದ ಒಂದೇ.

ಯುದ್ಧ ಶುರುವಾದ ಮೇಲೆ ಬಯಲಿನಲ್ಲಿ ಸೈನ್ಯದ ಓಡಾಟ ಜಾಸ್ತಿಯಾಯಿತು. 1942ರ ಏಪ್ರಿಲ್ 13ರಂದು ಇಂಬರ್ ಹತ್ತಿರ ಒಂದು ದೊಡ್ಡ ದುರಂತವೇ ನಡೆಯಿತು. ನೆಲದ ಮೇಲಿನ ಗುರಿಗಳ ಮೇಲೆ ವಿಮಾನದಿಂದ ಹೇಗೆ ದಾಳಿ ಮಾಡಬಹುದು ಅಂತ ತೋರಿಸುವ ಪ್ರದರ್ಶನ ಅದು. ಪ್ರಧಾನಿ ಚರ್ಚಿಲ್ ಮತ್ತು ಅಮೆರಿಕದ ಸೇನಾ ಮುಖ್ಯಸ್ಥ ಜಾರ್ಜ್ ಮಾರ್ಷಲ್ ಕೆಲವೇ ದಿನಗಳಲ್ಲಿ ನೋಡಲು ಬರುವವರಿದ್ದರು. ಅದಕ್ಕೆ ಮುಂಚಿನ ತಾಲೀಮು ಇದು. ಸಾಲಾಗಿ ವಿಮಾನಗಳು ಬಂದು ಗುಂಡು ಹಾರಿಸಿ ಹೋದವು. ಮಬ್ಬು ಕವಿದಿತ್ತು. ಒಂದು ಹರಿಕೇನ್ ವಿಮಾನದ ಪೈಲಟ್ ನೋಡಲು ನಿಂತಿದ್ದ ಸೈನಿಕರನ್ನೇ ಗುರಿ ಎಂದು ತಿಳಿದು ಗುಂಡು ಹಾರಿಸಿದ. 25 ಮಂದಿ ಸತ್ತರು, 71 ಮಂದಿಗೆ ಗಾಯವಾಯಿತು. ವಿಚಾರಣೆಯಲ್ಲಿ ಪೈಲಟ್‌ನ ತಪ್ಪು ಅಂದಾಜು ಮತ್ತು ಮಬ್ಬು ಹವೆ ಕಾರಣ ಎಂದಾಯಿತು. ಪ್ರದರ್ಶನ ನಿಲ್ಲಲಿಲ್ಲ, ಚರ್ಚಿಲ್ ಬಂದು ನೋಡಿಯೂ ಹೋದರು.

ಇದನ್ನು ಬಸ್ಸಿನಲ್ಲಿ ಯಾರಾದರೂ ಹೇಳಿದರೋ ಇಲ್ಲವೋ ಗೊತ್ತಿಲ್ಲ. ಇಂಬರ್ ಎಂದರೆ ಎಲ್ಲರೂ ಹೇಳುವುದು ಊರು ಬಿಟ್ಟ ಕಥೆ. ಅಲ್ಲೇ ಹತ್ತಿರ ಪ್ರಾಣ ಬಿಟ್ಟ ಈ 25 ಮಂದಿಯ ಹೆಸರು ಆ ಮಾತಿನ ನಡುವೆ ಬರುವುದು ಅಪರೂಪ. ಅವರು ಊರವರಲ್ಲ, ಎಲ್ಲಿಂದಲೋ ಬಂದ ಸೈನಿಕರು. ಊರಿನ ನೆನಪು ಅಂದಾಗ ಇವರೂ ಅದರಲ್ಲಿ ಸೇರಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಈಗ ಆ ಚಳಿಗಾಲಕ್ಕೆ ಬರೋಣ. 1943ರ ನವೆಂಬರ್ 1ರಂದು ಹಳ್ಳಿಯವರನ್ನೆಲ್ಲ ಶಾಲೆಯ ಕೋಣೆಗೆ ಕರೆದರು. ಯುರೋಪಿನ ಮೇಲೆ ದಾಳಿಗೆ ಅಮೆರಿಕನ್ ಸೈನಿಕರು ತಯಾರಾಗಬೇಕಿದೆ, ಬೀದಿ ಕಾಳಗ ಕಲಿಯಲು ಈ ಊರು ಬೇಕು ಎಂದರು. ಕೊಟ್ಟ ಗಡುವು 47 ದಿನ. ಕ್ರಿಸ್‌ಮಸ್‌ಗೆ ಒಂದು ವಾರ ಮುಂಚೆ, ಡಿಸೆಂಬರ್ 17ಕ್ಕೆ ಊರು ಖಾಲಿಯಾಗಬೇಕಿತ್ತು.

ಹೆಚ್ಚಿನವರು ಎದುರಾಡಲಿಲ್ಲ. ದೇಶಕ್ಕೆ ಕಷ್ಟ ಬಂದಿದೆ, ನಮ್ಮ ಪಾಲಿನ ಕರ್ತವ್ಯ ಇದು ಅಂದುಕೊಂಡರು. ಹೋಗುವಾಗ ಅಡುಗೆಮನೆಯಲ್ಲಿ ಡಬ್ಬಿ ಆಹಾರ ಬಿಟ್ಟುಹೋದವರೂ ಇದ್ದರು. ಪಡಿತರದ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಆಲ್ಬರ್ಟ್ ನ್ಯಾಶ್ ಅಂತ ಊರಿನ ಕಮ್ಮಾರರು. 40 ವರ್ಷಕ್ಕೂ ಹೆಚ್ಚು ಕಾಲ ಆ ಕುಲುಮೆ ನಡೆಸಿದವರು. ಸುದ್ದಿ ಕೇಳಿದ ಮೇಲೆ ಅವರು ಕಬ್ಬಿಣ ಬಡಿಯುವ ಅಡಿಗಲ್ಲಿನ ಮೇಲೆ ಬಾಗಿ ಅಳುತ್ತಿದ್ದರಂತೆ. ಊರು ಬಿಟ್ಟ ಸ್ವಲ್ಪ ದಿನಕ್ಕೇ ತೀರಿಕೊಂಡರು. ಹೊರಗೆ ಸತ್ತು ಮಣ್ಣಿಗಾಗಿ ಇಂಬರ್‌ಗೆ ವಾಪಸ್ ಬಂದವರಲ್ಲಿ ಅವರೇ ಮೊದಲಿಗರು. ಎದೆ ಒಡೆದು ಸತ್ತರು ಅಂತ ಊರವರು ಹೇಳುತ್ತಿದ್ದರು.

ಪರಿಹಾರ ಎಷ್ಟು ಸಿಕ್ಕಿತು ಅಂತ ನೀವು ಕೇಳಿಲ್ಲ. ಆದರೆ ವಿಷಯದ ತಿರುಳು ಇರುವುದೇ ಅಲ್ಲಿ. ಜಮೀನು ಆಗಲೇ ಇಲಾಖೆಯದು, ಊರವರು ಬರೀ ಗೇಣಿದಾರರು. ಹಾಗಾಗಿ ಮನೆಗೆ, ಹೊಲಕ್ಕೆ ಬೆಲೆ ಕೊಡುವ ಪ್ರಶ್ನೆಯೇ ಏಳಲಿಲ್ಲ. ಯುದ್ಧಕಾಲದ ಕಾನೂನಿನಲ್ಲಿ ಖಾಸಗಿ ಜಾಗವನ್ನು ತಾತ್ಕಾಲಿಕವಾಗಿ ವಶಕ್ಕೆ ಪಡೆದರೆ ಅದನ್ನು ಒಂದಲ್ಲ ಒಂದು ದಿನ ಮಾಲೀಕನಿಗೆ ಹಿಂತಿರುಗಿಸಬೇಕು, ಇಲ್ಲವೇ ಕೊಳ್ಳಬೇಕು. ಇಂಬರ್‌ನಲ್ಲಿ ಹಿಂತಿರುಗಿಸಲು ಮಾಲೀಕನೇ ಇರಲಿಲ್ಲ. ಮಾಲೀಕ ಸೈನ್ಯವೇ ಆಗಿತ್ತು.

ಇದು ಎಷ್ಟು ದೊಡ್ಡ ವ್ಯತ್ಯಾಸ ಅನ್ನುವುದು ಅದೇ ಚಳಿಗಾಲದ ಇನ್ನೆರಡು ಕಡೆ ನೋಡಿದರೆ ತಿಳಿಯುತ್ತದೆ. ಡೆವನ್ ಜಿಲ್ಲೆಯ ಸ್ಲಾಪ್ಟನ್ ಕಡಲತೀರದ ಸುತ್ತ ಸುಮಾರು 3,000 ಜನರನ್ನು 1943ರ ಡಿಸೆಂಬರ್ 20ರೊಳಗೆ ಎಬ್ಬಿಸಿದರು. ದಾಳಿ ಮಾಡಬೇಕಿದ್ದ ಫ್ರಾನ್ಸಿನ ನಾರ್ಮಂಡಿಯ ತೀರವನ್ನು ಹೋಲುವ ಜಾಗ ಅಂತ ಅಮೆರಿಕನ್ನರಿಗೆ ಅದು ಬೇಕಿತ್ತು. ಅಲ್ಲಿನ ತಾಲೀಮಿನಲ್ಲೂ ಭಾರೀ ಅನಾಹುತ ಆಯಿತು. 1944ರ ಏಪ್ರಿಲ್ 28ರಂದು ಜರ್ಮನ್ ವೇಗದ ದೋಣಿಗಳು ಹಡಗುಗಳ ಮೇಲೆ ನುಗ್ಗಿ 700ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಆದರೂ ನಾರ್ಮಂಡಿ ದಾಳಿ ಮುಗಿದ ಮೇಲೆ ಸೈನ್ಯಕ್ಕೆ ಆ ಜಾಗದ ಕೆಲಸ ಮುಗಿಯಿತು. ಜಮೀನು ಜನರದೇ ಆಗಿತ್ತು. ಅವರು ವಾಪಸ್ ಬಂದರು, ಮುರಿದ ಗೋಡೆ ಬೇಲಿ ಸರಿಮಾಡಿಕೊಂಡು ಮತ್ತೆ ಬೇಸಾಯಕ್ಕೆ ಇಳಿದರು. ಇವತ್ತು ಅವು ಜೀವಂತ ಊರುಗಳು.

ಇನ್ನೊಂದು ಡಾರ್ಸೆಟ್‌ನ ಟೈನಮ್. ಅದೂ ಡಿಸೆಂಬರ್‌ನಲ್ಲೇ ಖಾಲಿಯಾಯಿತು. ನಾವು ಮತ್ತೆ ಬರುತ್ತೇವೆ, ಮನೆಗಳನ್ನು ಜೋಪಾನವಾಗಿ ನೋಡಿಕೊಳ್ಳಿ ಅಂತ ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿ ಹೋದರು. ಪಕ್ಕದಲ್ಲೇ ಲಲ್ವರ್ತ್ ಟ್ಯಾಂಕ್ ತರಬೇತಿಯ ಮೈದಾನ ಇತ್ತು, ಯುದ್ಧ ಮುಗಿದರೂ ಅದು ಮುಚ್ಚಲಿಲ್ಲ. 1948ರಲ್ಲಿ ಸರ್ಕಾರ ಕಡ್ಡಾಯವಾಗಿ ಟೈನಮ್ ಜಮೀನನ್ನು ಕೊಂಡುಕೊಂಡಿತು. ಅಲ್ಲಿ ಮಾತು ಮುರಿದದ್ದು ಸರ್ಕಾರಿ ಆದೇಶದಲ್ಲೇ ಎದ್ದು ಕಾಣುತ್ತದೆ. ಇಂಬರ್‌ನಲ್ಲಿ ಅಂಥ ಆದೇಶದ ಅಗತ್ಯವೂ ಬೀಳಲಿಲ್ಲ.

ಹಾಗಾದರೆ ವಾಪಸ್ ಬಿಡುತ್ತೇವೆ ಅಂದದ್ದು ನಿಜವೇ? ಊರವರು ಬದುಕಿರುವ ತನಕ ಹಾಗೇ ಹೇಳಿದರು. ಯುದ್ಧ ಮುಗಿದ ಮೇಲೆ ಬರಬಹುದು ಅಂತ ನಮಗೆ ಹೇಳಿದ್ದರು ಅಂತ. ಆದರೆ ತೋರಿಸಲು ಅವರ ಕೈಯಲ್ಲಿ ಕಾಗದ ಇರಲಿಲ್ಲ. ಕಾಗದ ಇದ್ದದ್ದು ಇಲಾಖೆಯ ಹತ್ತಿರ, ಆ ಹಳೇ ಗೇಣಿ ಪತ್ರ. ಕಾನೂನು ಅದನ್ನೇ ನೋಡಿತು.

ನಾನು ಊರವರ ಮಾತನ್ನು ನಂಬುತ್ತೇನೆ. ಬೇರೆ ಬೇರೆ ಕಡೆ ಚದುರಿಹೋದ ಜನ ಒಂದೇ ಮಾತನ್ನು ನೆನಪಿಟ್ಟುಕೊಂಡಿದ್ದರು ಎಂಬುದು ಒಂದು ಕಾರಣ. ಅದಕ್ಕಿಂತ ಗಟ್ಟಿಯಾದುದು ಅವರು ನಡೆದುಕೊಂಡ ರೀತಿ. ಇನ್ನೆಂದೂ ಬರುವುದಿಲ್ಲ ಅಂತ ತಿಳಿದವರು ಅಷ್ಟು ಸದ್ದಿಲ್ಲದೆ ಹೋಗುವುದಿಲ್ಲ. ಶಾಲೆಯ ಕೋಣೆಯಲ್ಲಿ ಯಾವ ಅಧಿಕಾರಿ ಯಾವ ಮಾತು ಆಡಿದರು ಅನ್ನುವುದು ಏನೇ ಇರಲಿ, ಜನ ಅಲ್ಲಿಂದ ಎದ್ದು ಬಂದದ್ದು ವಾಪಸ್ ಬರುತ್ತೇವೆ ಅನ್ನುವ ನಂಬಿಕೆಯಲ್ಲಿ. ಆ ನಂಬಿಕೆ ತಪ್ಪು ಅಂತ ಆಗ ಯಾರೂ ಅವರಿಗೆ ಬಿಡಿಸಿ ಹೇಳಲಿಲ್ಲ. ಇದನ್ನು ಮೋಸ ಅನ್ನಬೇಕೋ ಬೇಡವೋ ನೀವೇ ಯೋಚಿಸಿ. ನನಗಂತೂ ಇದು ಅನ್ಯಾಯ ಅಂತಲೇ ಕಾಣುತ್ತದೆ, ಕಾನೂನು ಎಷ್ಟೇ ಸರಿಯಿದ್ದರೂ.

ಇನ್ನೊಂದು ನೆನಪು ಮಾತ್ರ ತಿದ್ದಿಕೊಳ್ಳಬೇಕಾದ್ದು. ಅಮೆರಿಕನ್ನರು ಗುಂಡು ಹೊಡೆದು ಊರನ್ನು ಪುಡಿ ಮಾಡಿದರು ಅಂತ ಬಹಳ ಜನ ಹೇಳುತ್ತಾರೆ. ಯುದ್ಧಕಾಲದಲ್ಲಿ ಊರಿಗೆ ಅಷ್ಟೇನೂ ಹಾನಿ ಆಗಿರಲಿಲ್ಲ. ಹಾಳಾದದ್ದು ಹೆಚ್ಚಾಗಿ ಯುದ್ಧ ಮುಗಿದ ಮೇಲೆ, ಬ್ರಿಟಿಷ್ ಸೈನ್ಯದ ತರಬೇತಿ ಮುಂದುವರಿದಾಗ. ಗುಂಡು, ಸ್ಫೋಟ, ಮಳೆ, ಹಿಮ, ನೋಡಿಕೊಳ್ಳುವವರಿಲ್ಲದ ಮಾಡು, ಎಲ್ಲ ಸೇರಿ ವರ್ಷ ವರ್ಷ ಒಂದೊಂದೇ ಮನೆ ಬಿತ್ತು. ಮನೆ ಬಿದ್ದಷ್ಟೂ ವಾಪಸ್ ಬರುವ ಮಾತು ಕಷ್ಟವಾಯಿತು.

ಹಾಗಂತ ಜನ ಕೈಕಟ್ಟಿ ಕೂರಲಿಲ್ಲ. ಆಸ್ಟಿನ್ ಅಂಡರ್‌ವುಡ್ ಎಂಬುವರು ಮುಂದೆ ನಿಂತು 1961ರ ಜನವರಿ 22ರಂದು ದೊಡ್ಡ ಮೆರವಣಿಗೆ ನಡೆಸಿದರು. ಸುಮಾರು 2,000 ಜನ, ನೂರಾರು ಗಾಡಿಗಳು, ಮುಚ್ಚಿದ ಊರಿನೊಳಕ್ಕೇ ನಡೆದವು. ಆಮೇಲೆ ಸಾರ್ವಜನಿಕ ವಿಚಾರಣೆ ನಡೆಯಿತು. ತೀರ್ಪು ಸೈನ್ಯದ ಪರ ಬಂತು. 1970ರ ದಶಕದ ಮೊದಲಿಗೆ ಸೈನ್ಯದ ಜಮೀನುಗಳನ್ನೆಲ್ಲ ಪರಿಶೀಲಿಸಿದ ಸಮಿತಿಯ ಮುಂದೆಯೂ ಇಂಬರ್ ವಿಷಯ ಹೋಯಿತು. ಅಲ್ಲೂ ಊರು ಸಿಗಲಿಲ್ಲ. ಇದೇ ಸಮಿತಿ ಟೈನಮ್ ಜಾಗ ಬಿಟ್ಟುಕೊಡಿ ಎಂದು 1973ರಲ್ಲಿ ಶಿಫಾರಸು ಮಾಡಿತ್ತು. ಸರ್ಕಾರ ಅದನ್ನೂ ಒಪ್ಪಲಿಲ್ಲ.

ಈಗಲೂ ಯಾಕೆ ಬಿಟ್ಟಿಲ್ಲ ಅಂದರೆ, ಸಾಲ್ಸ್‌ಬರಿ ಪ್ಲೇನ್ ಬ್ರಿಟನ್ನಿನ ಅತಿ ದೊಡ್ಡ ಸೈನಿಕ ತರಬೇತಿ ಪ್ರದೇಶ. ಇಂಬರ್ ಅದರ ನಟ್ಟನಡುವೆ ಇದೆ. ಊರಿಗೆ ಜನ ಬಂದರೆ ಸುತ್ತಲಿನ ಗುಂಡು ಹಾರಿಸುವ ಜಾಗವೆಲ್ಲ ನಿಲ್ಲಿಸಬೇಕು. ಜೊತೆಗೆ ನೆಲದಲ್ಲಿ ಹೂತುಹೋದ ಸಿಡಿಯದ ಗುಂಡುಗಳು. ನೀವು ನೋಡಿದ ಬೋರ್ಡುಗಳು ತೋರಿಕೆಗೆ ಹಾಕಿದ್ದಲ್ಲ. ಒಂದು ಮಾತು ನ್ಯಾಯವಾಗಿ ಹೇಳಬೇಕು. ನೇಗಿಲು, ರಾಸಾಯನಿಕ ಗೊಬ್ಬರ ಬೀಳದೆ ಉಳಿದದ್ದರಿಂದ ಅಲ್ಲಿನ ಸುಣ್ಣದ ನೆಲದ ಹುಲ್ಲುಗಾವಲು ಅಪರೂಪದ ಗಿಡ, ಚಿಟ್ಟೆ, ಹಕ್ಕಿಗಳ ತಾಣವಾಗಿದೆ. ಬ್ರಿಟನ್ನಿನಿಂದ ಅಳಿದುಹೋಗಿದ್ದ ಗ್ರೇಟ್ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿಯನ್ನು 2004ರಿಂದ ಮತ್ತೆ ಬಿಟ್ಟು ಬೆಳೆಸುತ್ತಿರುವುದೂ ಇದೇ ಬಯಲಿನಲ್ಲಿ.

ಇನ್ನು ಚರ್ಚ್ ಹೇಗೆ ಉಳಿಯಿತು ಅಂದಿರಿ. ಮತ್ತದೇ ಉತ್ತರ, ಒಡೆತನ. ಚರ್ಚ್ ಯುದ್ಧ ಇಲಾಖೆಗೆ ಮಾರಾಟವಾಗಿರಲಿಲ್ಲ, ಅದು ಸಾಲ್ಸ್‌ಬರಿಯ ಧರ್ಮಪ್ರಾಂತ್ಯದ್ದೇ ಆಗಿತ್ತು. ಸುತ್ತ ಬೇಲಿ ಹಾಕಿ ಸೈನಿಕರು ಒಳಗೆ ಬಾರದಂತೆ ಮಾಡಿದರು. ಹಳೇ ಚರ್ಚುಗಳನ್ನು ಕಾಪಾಡುವ ಚರ್ಚಸ್ ಕನ್ಸರ್ವೇಷನ್ ಟ್ರಸ್ಟ್ ಈಗ ಅದನ್ನು ನೋಡಿಕೊಳ್ಳುತ್ತಿದೆ. 2009ರಿಂದ ನಡೆಯುತ್ತಿರುವ ಇಂಬರ್ ಬಸ್ಸಿನ ದುಡ್ಡಿನಲ್ಲೂ ಅದಕ್ಕೆ ಪಾಲು ಹೋಗುತ್ತದೆ, ಅಂದರೆ ನೀವು ಕೊಟ್ಟ ಟಿಕೆಟ್ಟಿನ ಹಣವೂ ಸೇರಿ. ಸೆಪ್ಟೆಂಬರ್ 1, ಸೇಂಟ್ ಜೈಲ್ಸ್ ದಿನ. ಅದಕ್ಕೆ ಹತ್ತಿರದ ಶನಿವಾರ ಅಲ್ಲಿ ವರ್ಷಕ್ಕೊಮ್ಮೆ ಪ್ರಾರ್ಥನೆ ನಡೆಯುತ್ತದೆ. ಊರಿನಲ್ಲಿ ಹುಟ್ಟಿ ಬೆಳೆದವರು, ಆಮೇಲೆ ಅವರ ಮಕ್ಕಳು ಮೊಮ್ಮಕ್ಕಳು ಅಲ್ಲಿ ಸೇರುತ್ತಾ ಬಂದಿದ್ದಾರೆ. ಊರಿನ ನೆನಪು ಬರೀ ಪುಸ್ತಕದ ವಿಷಯವಾಗದೆ ಉಳಿದಿರುವುದು ಈ ಒಂದು ದಿನದಿಂದ ಅಂತ ನನ್ನ ನಂಬಿಕೆ.

ಮುಂದಿನ ಸಲ ಮಗಳ ಮನೆಗೆ ಹೋದಾಗ ಚರ್ಚಿನೊಳಗೆ ಗೋಡೆ ನೋಡಿ. 1692ರಲ್ಲಿ ಗಂಟೆ ಬಾರಿಸುವ ಕ್ರಮವನ್ನು ಗೋಡೆ ಮೇಲೇ ಬರೆದಿಟ್ಟಿದ್ದಾರೆ, ಬಾರಿಸುವವರಿಗೆ ಮರೆಯದಿರಲಿ ಅಂತ. ಅಲ್ಲಿಂದ ಹತ್ತಿರದ ಎಡಿಂಗ್ಟನ್ ಹಳ್ಳಿಯ ಚರ್ಚಿಗೂ ಹೋಗಿ. ಇಂಬರ್ ಚರ್ಚಿನಲ್ಲಿದ್ದ ಮಧ್ಯಕಾಲದ ಎರಡು ವೀರರ ಕಲ್ಲಿನ ಮೂರ್ತಿಗಳನ್ನು ಅಲ್ಲಿಗೆ ಸಾಗಿಸಿದ್ದಾರೆ. ಇಂಬರ್ ರಸ್ತೆ ತೆರೆದಿರುವುದು ವರ್ಷದಲ್ಲಿ ಕೆಲವೇ ದಿನ. ಆದ್ದರಿಂದ ಹೊರಡುವ ಮೊದಲು ಸೈನ್ಯ ಪ್ರಕಟಿಸುವ ದಿನಾಂಕ ನೋಡಿಕೊಳ್ಳಿ. ಹುಲ್ಲಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ತುಂಡು ಕಂಡರೆ ಮುಟ್ಟಬೇಡಿ, ಮೊಮ್ಮಕ್ಕಳನ್ನೂ ಬಿಡಬೇಡಿ.